ಸಂಪಾಜೆ ಘಾಟಿಯಲ್ಲಿ ಆಯಿಲ್ 122 ಡಿಗ್ರಿ, ಆಯಿಲ್ ಕೂಲರ್ ಹಾಕಿಸಬೇಕಾ?

ಮುಳ್ಳೇರಿಯ ಟರ್ಬೊ:

ಎಲ್ಲರಿಗೂ ನಮಸ್ಕಾರ. ಕಾರು ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230. 2.0 ಟಿಎಸ್‌ಐ, ಆರು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು, ಮೊದಲಿನ ಓನರ್ ಸ್ಟೇಜ್ 1 ರೀಮ್ಯಾಪ್ (ಪವರ್ ಜಾಸ್ತಿಯಾಗಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು) ಮಾಡಿಸಿದ್ದರು.

ಮೊನ್ನೆ ಮುಳ್ಳೇರಿಯದಿಂದ ಹೊರಟು ಜಾಲ್ಸೂರು, ಸುಳ್ಯ ದಾಟಿ ಮಡಿಕೇರಿಗೆ ಹೋಗಿದ್ದೆವು. ಕಾರು ತುಂಬ ಜನ, ಡಿಕ್ಕಿ ತುಂಬ ಸಾಮಾನು, ಎಸಿ ಫುಲ್. ಎಪ್ರಿಲ್ ಸೆಖೆ ಗೊತ್ತಲ್ಲ. ಸುಳ್ಯದವರೆಗೆ ಆಯಿಲ್ ಟೆಂಪರೇಚರ್ 100ರ ಆಚೆ ಈಚೆ ಇತ್ತು. ಸಂಪಾಜೆ ಗೇಟು ಕಳೆದು ಘಾಟಿ ಶುರುವಾದದ್ದೇ, ಪಕ್ಕದಲ್ಲಿ ಕೂತ ಭಾವ ಮೀಟರ್ ನೋಡಿ ಓದುತ್ತಾ ಬಂದ. 110, 114, 118. ಜೋಡುಪಾಲದ ಹತ್ತಿರ ಲಾರಿಯ ಹಿಂದೆ ಸಿಕ್ಕಿಬಿದ್ದು, ಜಾಗ ಸಿಕ್ಕಿದಾಗ ಪೂರ್ತಿ ಒತ್ತಿ ಓವರ್‌ಟೇಕ್ ಮಾಡಿದೆ ನೋಡಿ, 122. ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಮುಳ್ಳು ಮಾತ್ರ 90ರಲ್ಲೇ, ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. "ನೂರು ದಾಟಿದರೆ ಕುದಿಯುವುದಿಲ್ವಾ ಮಾರಾಯ" ಅಂತ ಭಾವನಿಗೆ ಹೆದರಿಕೆ. ಅವನ ಗಾಡಿಯಲ್ಲಿ ಆಯಿಲ್ ಟೆಂಪರೇಚರ್ ತೋರಿಸುವುದೇ ಇಲ್ಲ, ಅದಕ್ಕೇ ಅವನು ನೆಮ್ಮದಿಯಾಗಿದ್ದಾನೆ.

ಊರಿಗೆ ಬಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬ ಹಳೆ ಆಯಿಲ್ ಕೂಲರ್ ಕಿಟ್ ಉಂಟು, ಕಡಿಮೆಗೆ ಕೊಡುತ್ತೇನೆ ಅನ್ನುತ್ತಾನೆ. ಇನ್ನೊಬ್ಬ 20ಡಬ್ಲ್ಯು-50 ಹಾಕು, ದಪ್ಪ ಆಯಿಲ್ ಬಿಸಿ ತಡೆಯುತ್ತದೆ ಅನ್ನುತ್ತಾನೆ. ಮತ್ತೊಬ್ಬರು ಹಿರಿಯರು, ಥರ್ಮೋಸ್ಟಾಟ್ (ಬಿಸಿ ನೋಡಿ ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆಗೆದು ಬಿಸಾಡು, ನಮ್ಮ ಸೆಖೆಗೆ ಅದು ಯಾಕೆ ಅಂತ. ಯಾವುದು ಸರಿ? ಗೊತ್ತಿದ್ದವರು ಹೇಳಿ.

ಪೆರ್ಲದ ಪಿಸ್ಟನ್:

ಮೂರೂ ಬೇಡ. ಸದ್ಯಕ್ಕಂತೂ ಬೇಡ.

ಮೊದಲು ನಿಮ್ಮ ಭಾವನಿಗೆ ಉತ್ತರ. ಎಂಜಿನ್ ಆಯಿಲಿಗೆ 100 ಡಿಗ್ರಿ ಅಂದರೆ ಕೆಲಸದ ಬಿಸಿ, ಜ್ವರ ಅಲ್ಲ. ಡಬ್ಬಿಯ ಮೇಲೆ 5ಡಬ್ಲ್ಯು-40 ಅಂತ ಇರುತ್ತದಲ್ಲ, ಅದರಲ್ಲಿ ಆ 40 ಬರುವುದೇ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಅಂತ ಅಳೆದು. ಇನ್ನೊಂದು ಪರೀಕ್ಷೆ ಉಂಟು, ಎಚ್‌ಟಿಎಚ್‌ಎಸ್ ಅಂತ. ಬೇರಿಂಗಿನ ಒಳಗಿನ ಉಜ್ಜಾಟದಲ್ಲಿ ಆಯಿಲ್ ಪದರ ನಿಲ್ಲುತ್ತದಾ ಇಲ್ಲವಾ ಅಂತ ನೋಡುವುದು. ಅದನ್ನು ಮಾಡುವುದು 150 ಡಿಗ್ರಿಯಲ್ಲಿ. ಹಾಗಾಗಿ ಒಳಗೆ ಸರಿಯಾದ ಸಿಂಥೆಟಿಕ್ ಇದ್ದರೆ, ಘಾಟಿ ಹತ್ತುವಾಗ ಸ್ವಲ್ಪ ಹೊತ್ತು 122 ಬಂತು ಅಂತ ನಾನು ಕಾರು ನಿಲ್ಲಿಸುವುದಿಲ್ಲ. 130 ದಾಟಿದರೆ ಕಾಲು ಸಡಿಲ ಮಾಡುತ್ತೇನೆ. 140 ಬಂದರೆ ಸುಮ್ನೆ ಬಿಡುವ ವಿಷಯ ಅಲ್ಲ. ಒಂದು ನೆನಪಿಡಿ, ನೀವು ನೋಡುವ ನಂಬರ್ ಸಂಪಿನಲ್ಲಿರುವ (ಎಂಜಿನ್ ಕೆಳಗಿನ ತಟ್ಟೆಯಲ್ಲಿರುವ) ಆಯಿಲಿನದ್ದು, ಸೆನ್ಸರ್ ಅಲ್ಲೇ ಇರುವುದು. ಬೇರಿಂಗಿನ ಒಳಗೆ, ಟರ್ಬೊ ಶಾಫ್ಟಿನ ಹತ್ತಿರ ಅದಕ್ಕಿಂತ ಜಾಸ್ತಿಯೇ ಇರುತ್ತದೆ.

ಇನ್ನು ಆ 90ರ ಮುಳ್ಳು. ಅದನ್ನು ನಂಬಬೇಡಿ ಮಾರಾಯ್ರೆ. ಆ ಮುಳ್ಳು ಅಲ್ಲಾಡಬಾರದು ಅಂತಲೇ ಮಾಡಿದ್ದಾರೆ. ಕೂಲಂಟ್ ಹೆಚ್ಚು ಕಡಿಮೆ 75ರಿಂದ 105ರ ನಡುವೆ ಎಲ್ಲಿದ್ದರೂ ಅದು ನಡುಮಧ್ಯದಲ್ಲಿ ನಿಂತಿರುತ್ತದೆ. ಓನರ್ ಸುಮ್ನೆ ಹೆದರಿ ಸರ್ವೀಸ್ ಸೆಂಟರಿಗೆ ಓಡಬಾರದಲ್ಲ, ಅದಕ್ಕೆ. ಕಾರಿನ ಡಯಾಗ್ನೋಸ್ಟಿಕ್ ಸಾಕೆಟಿಗೆ ಸಿಕ್ಕಿಸುವ ಒಂದು ಓಬಿಡಿ ಡಾಂಗಲ್ ತೆಗೆದುಕೊಂಡು ಮೊಬೈಲಿನಲ್ಲಿ ನಿಜವಾದ ಕೂಲಂಟ್ ಟೆಂಪರೇಚರ್ ನೋಡಿ. ಆದರೆ ನೋಡಿದ ಮೇಲೆ ಇನ್ನೊಂದು ಹೆದರಿಕೆ ಶುರು ಮಾಡಿಕೊಳ್ಳಬೇಡಿ. ನಿಮ್ಮ ಇಎ888 ಮೂರನೇ ತಲೆಮಾರಿನ ಎಂಜಿನ್, ಅದರಲ್ಲಿ ಹಳೆ ಕಾಲದ ಮೇಣದ ಥರ್ಮೋಸ್ಟಾಟ್ ಮಾತ್ರ ಆಟ ಆಡಿಸುವುದಲ್ಲ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಒಂದು ಮೋಟರಿನಿಂದ ವಾಲ್ವ್ ತಿರುಗಿಸಿ ಕೂಲಂಟನ್ನು ಬೇಕಾದ ಕಡೆ ಬಿಡುತ್ತದೆ. ಸುಮಾರು 85ರಿಂದ 107ರ ಒಳಗೆ ಅದು ತನಗೆ ಬೇಕಾದ ಹಾಗೆ ಇಟ್ಟುಕೊಳ್ಳುತ್ತದೆ. ಆರಾಮವಾಗಿ ಹೋಗುವಾಗ ಬೇಕೆಂದೇ ಬಿಸಿ ಜಾಸ್ತಿ, ಒತ್ತಿದಾಗ ತಂಪು ಮಾಡಲು ನೋಡುತ್ತದೆ, ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ತಾನೇ ಉರಿಯುವುದು) ಆಗಬಾರದಲ್ಲ. ಫ್ಲಾಟ್ ರೋಡಲ್ಲಿ 103 ಕಂಡರೆ ಅದು ದೋಷ ಅಲ್ಲ. ಒತ್ತಿದಾಗಲೂ 108, 110 ಅಂತ ಏರುತ್ತಾ ಹೋದರೆ ಮಾತ್ರ ದೋಷ.

ಈ ಎಂಜಿನ್ನಿನಲ್ಲಿ ಆಯಿಲ್ ಕೂಲರ್ ಈಗಲೇ ಉಂಟು. ಗಾಳಿಯದ್ದಲ್ಲ, ಕೂಲಂಟಿನದ್ದು. ಆಯಿಲಿನ ಬಿಸಿ ಕೂಲಂಟಿಗೆ, ಅದರಿಂದ ರೇಡಿಯೇಟರಿಗೆ, ಅಲ್ಲಿಂದ ಗಾಳಿಗೆ. ಕೊನೆಯ ಕಡೆ ಗಾಳಿ ಹೋಗದಿದ್ದರೆ ಹಿಂದಿನದ್ದೆಲ್ಲ ಬಿಸಿಯೇ. ಅದನ್ನು ನೋಡದೆ ಹೊಸ ಕೂಲರ್ ಹಾಕಿಸಿದರೆ ಹಣ ಹೋಗುತ್ತದೆ, ರೇಡಿಯೇಟರ್ ಹಾಗೇ ಉಳಿಯುತ್ತದೆ.

20ಡಬ್ಲ್ಯು-50 ಬೇಡವೇ ಬೇಡ. ದಪ್ಪ ಆಯಿಲ್ ಅರೆದುಕೊಂಡೇ ಇನ್ನಷ್ಟು ಬಿಸಿಯಾಗುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲೆ ಕ್ಯಾಮ್‌ವರೆಗೆ ತಲುಪಲು ತಡ ಮಾಡುತ್ತದೆ. ನಂಬರಿಗಿಂತ ಫೋಕ್ಸ್‌ವ್ಯಾಗನ್ 502 00 ಅಥವಾ 504 00 ಅಪ್ರೂವಲ್ ಡಬ್ಬಿ ಮೇಲೆ ಉಂಟಾ ನೋಡಿ. 504 00 ಇರುವ 5ಡಬ್ಲ್ಯು-30ಗೂ ಎಚ್‌ಟಿಎಚ್‌ಎಸ್ 3.5ಕ್ಕಿಂತ ಕಡಿಮೆ ಇರಬಾರದು ಅಂತ ನಿಯಮ, ಹಾಗಾಗಿ 30 ಅಂದ ಕೂಡಲೇ ನೀರು ಅಂತ ತಿಳಿಯಬೇಡಿ. ರೀಮ್ಯಾಪ್ ಆದ ಕಾರಿಗೆ, ನಮ್ಮ ಸೆಖೆಗೆ ನಾನಾದರೆ 502 00 ಇರುವ 5ಡಬ್ಲ್ಯು-40 ಹಾಕುತ್ತೇನೆ. ಕಂಪನಿ 15,000 ಕಿಲೋಮೀಟರ್ ಅಂದರೂ ಅದರ ಅರ್ಧಕ್ಕೇ ಬದಲಿಸುತ್ತೇನೆ. ಆಯಿಲ್ ಬಿಸಿ 10 ಡಿಗ್ರಿ ಏರಿದರೆ ಅದು ಹಾಳಾಗುವ ವೇಗ ಹೆಚ್ಚು ಕಡಿಮೆ ಡಬಲ್ ಅಂತ ಲೆಕ್ಕ.

ಒಂದು ಪ್ರಶ್ನೆ. ಘಾಟಿ ಬಿಡಿ, ದಿನಾ ಈ ಕಾರಿನಲ್ಲಿ ಎಷ್ಟು ದೂರ ಹೋಗುತ್ತೀರಿ?

ಮುಳ್ಳೇರಿಯ ಟರ್ಬೊ:

ಅಯ್ಯೋ ಇಷ್ಟೆಲ್ಲ ಉಂಟಾ! ದಿನಾ ಅಂದರೆ ಮನೆಯಿಂದ ಅಂಗಡಿಗೆ, ನಾಲ್ಕು ಕಿಲೋಮೀಟರ್. ಮಧ್ಯಾಹ್ನ ಊಟಕ್ಕೆ ವಾಪಸ್, ಮತ್ತೆ ಅಂಗಡಿ. ಕಾಸರಗೋಡು ಪೇಟೆಗೆ ಅಪರೂಪ.

ಪೆರ್ಲದ ಪಿಸ್ಟನ್:

ಹಾಗಾದರೆ ನಿಮ್ಮ ಎಂಜಿನ್ನಿಗೆ 122ಕ್ಕಿಂತ ದೊಡ್ಡ ತೊಂದರೆ ಆ ನಾಲ್ಕು ಕಿಲೋಮೀಟರ್. ಅಂಗಡಿ ಮುಟ್ಟುವಾಗ ಆಯಿಲ್ ಎಷ್ಟು ತೋರಿಸುತ್ತದೆ ನಾಳೆ ನೋಡಿ. ಕೂಲಂಟ್ ಬೇಗ 90ಕ್ಕೆ ಬರುತ್ತದೆ, ಆಯಿಲ್ ಬರುವುದಿಲ್ಲ, ಅದಕ್ಕೆ ಎರಡು ಮೂರು ಪಟ್ಟು ಹೊತ್ತು ಬೇಕು. ಮುಳ್ಳು ನಡುವಿಗೆ ಬಂತು ಅಂತ ಜನ ಒತ್ತುವುದು ಅಲ್ಲೇ. ಆಯಿಲ್ 80 ಆಗುವ ತನಕ 3,000 ಆರ್‌ಪಿಎಂ ದಾಟಬೇಡಿ, ಪೂರ್ತಿ ಒತ್ತಲೇಬೇಡಿ.

ಇನ್ನೂ ಒಂದು. ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ತಣ್ಣಗಿರುವಾಗ ಸ್ವಲ್ಪ ಪೆಟ್ರೋಲ್ ಸಿಲಿಂಡರ್ ಗೋಡೆ ಹಿಡಿದು ಕೆಳಗೆ ಆಯಿಲಿಗೆ ಸೇರುತ್ತದೆ. ಉರಿದಾಗ ಆಗುವ ನೀರಿನ ಆವಿಯೂ ಸೇರುತ್ತದೆ. ಆಯಿಲ್ ಬಿಸಿಯಾಗಿ ಸ್ವಲ್ಪ ಹೊತ್ತು ಓಡಿದರೆ ಎರಡೂ ಹಾರಿಹೋಗುತ್ತವೆ. ದಿನಾ 60 ಡಿಗ್ರಿಗೇ ಆಫ್ ಮಾಡಿದರೆ ಒಳಗೇ ಕೂತಿರುತ್ತವೆ, ಆಯಿಲ್ ತೆಳ್ಳಗಾಗುತ್ತದೆ. ಆಮೇಲೆ ಅದೇ ತೆಳು ಆಯಿಲಿನಲ್ಲಿ ಘಾಟಿ ಹತ್ತುವುದು. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ವಾರಕ್ಕೊಮ್ಮೆ ಸುಳ್ಯಕ್ಕೆ ಚಾ ಕುಡಿಯಲು ಹೋಗಿ ಬನ್ನಿ, ಮನೆಯಲ್ಲಿ ಎಂಜಿನ್ನಿಗೆ ಔಷಧಿ ಅಂತ ಹೇಳಿ.

ಬದಿಯಡ್ಕ ಗ್ಯಾರೇಜ್:

ಪಿಸ್ಟನ್ ಅವರು ಓದಿದ್ದು ಹೇಳಿದ್ದಾರೆ, ಸರಿಯೇ ಹೇಳಿದ್ದಾರೆ. ನಾನು ಕೈಯಲ್ಲಿ ಮಾಡಿದ್ದು ಹೇಳುತ್ತೇನೆ.

ನಿಮ್ಮ ಕಡೆ ರಸ್ತೆ ಹೇಗೆ ಅಂತ ನನಗೆ ಗೊತ್ತು. ಹೈವೇ 66ರ ಕೆಲಸ ಶುರುವಾದ ಮೇಲೆ ಬರುವ ಕಾರುಗಳ ಮುಂಭಾಗ ನೋಡಬೇಕು. ಹೊರಗಿಂದ ಗ್ರಿಲ್ ತೊಳೆದು ಪಳಪಳ ಇರುತ್ತದೆ. ಮೊಬೈಲ್ ಟಾರ್ಚ್ ಹಾಕಿ ಕೆಳಗಿನ ಗ್ರಿಲ್ಲಿನ ಸಂದಿಯಿಂದ ನೋಡಿದರೂ ಎದುರಿಗೆ ಕಾಣುವುದು ಎಸಿ ಕಂಡೆನ್ಸರ್ ಮಾತ್ರ, ಅದೂ ಶುದ್ಧವಾಗಿಯೇ ಇರುತ್ತದೆ. ಕಸ ಇರುವುದು ಅದರ ಹಿಂದೆ. ಕಂಡೆನ್ಸರ್, ಇಂಟರ್‌ಕೂಲರ್ (ಟರ್ಬೊದ ಗಾಳಿ ತಂಪು ಮಾಡುವುದು), ರೇಡಿಯೇಟರ್ ಒಂದಕ್ಕೊಂದು ಅಂಟಿದ ಹಾಗೆ ನಿಂತಿರುತ್ತವೆ, ನಡುವೆ ಬೆರಳು ಹೋಗುವುದಿಲ್ಲ. ಬಂಪರ್ ಇಳಿಸಿ ಸ್ವಲ್ಪ ಬೇರೆ ಮಾಡಿದರೆ ಒಳಗೆ ಕೆಂಪು ಮಣ್ಣು, ನೊಣ, ಹುಲ್ಲಿನ ಬೀಜ, ಅಡಿಕೆ ತೋಟದ ದಾರಿಯ ನಾರು ಎಲ್ಲ ಸೇರಿ ಕಂಬಳಿ ತುಂಡಿನ ಹಾಗೆ ಹಾಳೆ ಹಾಳೆಯಾಗಿ ಏಳುತ್ತದೆ. ಅದರ ಮೂಲಕ ಗಾಳಿ ಹೋಗಬೇಕು. ಹೈವೇಯಲ್ಲಿ ವೇಗ ಇದ್ದಾಗ ಹೇಗೋ ನಡೆಯುತ್ತದೆ, ಘಾಟಿಯಲ್ಲಿ 30ರಲ್ಲಿ ಲಾರಿ ಹಿಂದೆ ಹೋಗುವಾಗ ಗಾಳಿಯೂ ಇಲ್ಲ, ಲೋಡು ಮಾತ್ರ ಫುಲ್.

ತೊಳೆಯುವಾಗ ವಾಟರ್ ಸರ್ವೀಸಿನವರ ಪ್ರೆಶರ್ ಗನ್ ಹತ್ತಿರ ಹಿಡಿಯಲು ಬಿಡಬೇಡಿ. ಫಿನ್ ಎಲ್ಲ ಮಡಚಿ ಹೋಗುತ್ತದೆ, ಆಮೇಲೆ ಕಸ ಇರುವಾಗಲೇ ಚೆನ್ನಾಗಿತ್ತು ಅನ್ನಿಸುತ್ತದೆ. ಸಾದಾ ಪೈಪಿನ ನೀರು, ಎಂಜಿನ್ ಕಡೆಯಿಂದ ಮುಂದಕ್ಕೆ. ಪಕ್ಕದಲ್ಲಿ ಸ್ಪಾಂಜು, ಪ್ಲಾಸ್ಟಿಕ್ ಗೈಡ್ ಇರುತ್ತವೆ, ಗಾಳಿ ಬದಿಯಿಂದ ತಪ್ಪಿಸಿಕೊಳ್ಳದ ಹಾಗೆ. ಆಕ್ಸಿಡೆಂಟ್ ರಿಪೇರಿ ಆದ ಕಾರುಗಳಲ್ಲಿ ಅವು ಎಷ್ಟೋ ಸಲ ಇರುವುದೇ ಇಲ್ಲ. ಸೆಕೆಂಡ್ ಹ್ಯಾಂಡ್ ಅಂದಿರಲ್ಲ, ಅದನ್ನು ನೋಡಿ.

ಥರ್ಮೋಸ್ಟಾಟ್ ತೆಗೆಯುವ ವಿಷಯ. ಹಳೆ ಅಂಬಾಸಿಡರ್, ಜೀಪು ಕಾಲದ ಬುದ್ಧಿ ಅದು. ಆಗ ರೇಡಿಯೇಟರ್ ಬ್ಲಾಕ್ ಆದರೆ ಜನ ಹಾಗೆ ಮಾಡುತ್ತಿದ್ದರು. ಈಗಿನ ಎಂಜಿನ್ ತಣ್ಣಗೇ ಉಳಿದರೆ ಇಸಿಯು ಇನ್ನೂ ವಾರ್ಮಪ್ ಅಂತ ತಿಳಿದು ಪೆಟ್ರೋಲ್ ಜಾಸ್ತಿ ಹೊಡೆಯುತ್ತದೆ, ಚೆಕ್ ಎಂಜಿನ್ ಲೈಟ್ ಬರುತ್ತದೆ. ಬೈಪಾಸ್ ಇರುವ ಎಂಜಿನ್ನುಗಳಲ್ಲಿ ಇನ್ನೊಂದು ಪಂಚಾತಿಕೆ, ಥರ್ಮೋಸ್ಟಾಟ್ ಇಲ್ಲದಿದ್ದರೆ ಕೂಲಂಟ್ ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ಸುತ್ತಿ ವಾಪಸ್ ಬಂದು ಮೊದಲಿಗಿಂತ ಬೇಗ ಹೀಟ್ ಆಗುವುದೂ ಉಂಟು. ನಿಮ್ಮದರಲ್ಲಂತೂ ಅದನ್ನು ತೆಗೆಯುವ ಮಾತೇ ಇಲ್ಲ, ಪಂಪಿನ ಜೊತೆಗೇ ಬರುವ ಜೋಡಣೆ ಅದು.

ಕುಂಬಳೆ 66:

ಮಧ್ಯೆ ಬಾಯಿ ಹಾಕುತ್ತೇನೆ, ಬೈಯಬೇಡಿ. ನಮ್ಮಲ್ಲಿ ಹಿಮ ಬೀಳುತ್ತದಾ? ಇಲ್ಲ. ಮತ್ತೆ ಕೂಲಂಟ್ ಯಾಕೆ? ನಮ್ಮ ಮನೆಯಲ್ಲಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು, ಕನ್ನಡಿ ಹಾಗೆ ಇರುತ್ತದೆ, ಬೇಸಗೆಯಲ್ಲೂ ತಣ್ಣಗೆ. ನನ್ನ ಹಳೆ ಸ್ವಿಫ್ಟಿಗೆ ಅದನ್ನೇ ಹಾಕುವುದು. ನೀರೇ ಕೂಲಂಟಿಗಿಂತ ಜಾಸ್ತಿ ಬಿಸಿ ಎಳೆಯುತ್ತದೆ ಅಂತ ಎಲ್ಲೋ ಓದಿದ್ದೆ, ಸುಳ್ಳಾ?

ಬದಿಯಡ್ಕ ಗ್ಯಾರೇಜ್:

ಸುಳ್ಳಲ್ಲ. ಬರೀ ನೀರು ಕೂಲಂಟ್, ನೀರಿನ ಅರ್ಧಕ್ಕರ್ಧ ಮಿಶ್ರಣಕ್ಕಿಂತ ಜಾಸ್ತಿ ಬಿಸಿ ಹೊರುತ್ತದೆ. ಆದರೆ ಇಲ್ಲಿ ಕೂಲಂಟ್ ಬೇಕಾದದ್ದು ಹಿಮಕ್ಕಲ್ಲ ಅಣ್ಣ, ತುಕ್ಕಿಗೆ. ಹೆಡ್ ಅಲ್ಯೂಮಿನಿಯಂ, ರೇಡಿಯೇಟರ್ ಅಲ್ಯೂಮಿನಿಯಂ, ಗ್ಯಾಸ್ಕೆಟಿನ ಅಂಚಿನಲ್ಲಿ ಅದು ತಿಂದುಕೊಂಡು ಹೋಗುವುದು ನೀವು ನೋಡಿಲ್ಲ, ನಾನು ನೋಡಿದ್ದೇನೆ. ಸುರಂಗದ ನೀರು ಕುಡಿಯಲು ಒಳ್ಳೆಯದೇ, ಎಂಜಿನ್ನಿಗೆ ಅದರಲ್ಲಿರುವ ಖನಿಜ ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಂಗಡಿಯಲ್ಲಿ ಸಿಗುತ್ತದೆ, ಕೂಲಂಟ್ ಕಾನ್ಸಂಟ್ರೇಟ್ ತಂದು ಅದರಲ್ಲಿ ಬೆರೆಸಿ.

ಕುದಿಯುವ ಲೆಕ್ಕವೂ ಉಂಟು. ಮಡಿಕೇರಿ 1,100 ಮೀಟರಿಗಿಂತ ಎತ್ತರ, ತೆರೆದ ಪಾತ್ರೆಯಲ್ಲಿ ನೀರು ಅಲ್ಲಿ 96ಕ್ಕೇ ಕುದಿಯುತ್ತದೆ. ಅರ್ಧಕ್ಕರ್ಧ ಕೂಲಂಟ್ ಕೆಳಗೆ ನಮ್ಮಲ್ಲಾದರೆ 107ರ ಹತ್ತಿರ. ಮುಚ್ಚಳದ ಒತ್ತಡ ಸೇರಿದರೆ 125 ದಾಟಿದರೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಸೋತಿದ್ದರೆ ಮಾತ್ರ ಈ ಲೆಕ್ಕವೆಲ್ಲ ನೀರಪಾಲು. ಸಣ್ಣ ಸಾಮಾನು, ಯಾರೂ ಬದಲಿಸುವುದಿಲ್ಲ.

ಬಣ್ಣ ನೋಡಿ ಕೂಲಂಟ್ ಸೇರಿಸಬೇಡಿ. ಆಕ್ಟೇವಿಯಾಕ್ಕೆ ಜಿ13 ಅಥವಾ ಜಿ12 ಇವೊ ಅನ್ನುವ ಜಾತಿಯ ಕೂಲಂಟ್. ದಾರಿಯಲ್ಲಿ ಸಿಕ್ಕಿದ ಹಸಿರು ಸುರಿದರೆ ಎರಡರ ರಾಸಾಯನಿಕವೂ ಕೆಡುತ್ತದೆ. ತುರ್ತಿಗೆ ಬೇಕಾದರೆ ಡಿಸ್ಟಿಲ್ಡ್ ವಾಟರ್ ಹಾಕಿ, ಆಮೇಲೆ ಸರಿ ಮಾಡಿಸಿ. ಬಿಸಿ ಇರುವಾಗ ಮುಚ್ಚಳ ತೆರೆಯಬಾರದು ಅಂತ ಗೊತ್ತಿದ್ದೂ ತೆರೆಯುವವರಿದ್ದಾರೆ, ಅವರಿಗೆ ಏನು ಹೇಳುವುದು.

ಕೊಯಮತ್ತೂರಿನ ನೀರ್ಚಾಲಿಗ:

ತಡವಾಗಿ ನೋಡಿದೆ. ಕೆಲಸ ಇಲ್ಲಿ, ಆಗಾಗ ಕರಿ ಮೋಟರ್ ಸ್ಪೀಡ್‌ವೇಗೆ ಟ್ರ್ಯಾಕ್ ಡೇಗೆ ಹೋಗುತ್ತೇನೆ. ಆಯಿಲ್ ಕೂಲರ್ ಯಾರಿಗೆ ಬೇಕು ಅಂತ ಅಲ್ಲಿ ಕಾಣುತ್ತದೆ. ರೀಮ್ಯಾಪ್ ಆದ ಟರ್ಬೊ ಕಾರುಗಳು ಕೆಲವೇ ಲ್ಯಾಪಿಗೆ 130 ದಾಟುತ್ತವೆ, ಅಲ್ಲಿಂದ ಇಳಿಯುವುದೇ ಇಲ್ಲ, ಯಾಕೆಂದರೆ ಉಸಿರು ಬಿಡಲು ಜಾಗವೇ ಇಲ್ಲವಲ್ಲ. ಬುದ್ಧಿ ಇದ್ದವರು ಒಂದು ಲ್ಯಾಪ್ ನಿಧಾನ ಹೊಡೆದು ತಂಪು ಮಾಡಿಕೊಂಡು ಪಿಟ್ಟಿಗೆ ಬರುತ್ತಾರೆ. ಘಾಟಿ ಹಾಗಲ್ಲ, ಒತ್ತುವುದು ಸ್ವಲ್ಪ, ತಿರುವಿನಲ್ಲಿ ಬಿಡುವುದು ಜಾಸ್ತಿ.

ಹಳೆ ಕಿಟ್ ಮಾತ್ರ ತೆಗೆದುಕೊಳ್ಳಬೇಡಿ. ದಯವಿಟ್ಟು. ಎಂಜಿನ್ನಿನ ಅಷ್ಟೂ ಆಯಿಲ್ ಪಂಪಿನ ಒತ್ತಡದಲ್ಲಿ ಆ ಎರಡು ಹೋಸಿನ ಮೂಲಕ ಹೋಗುತ್ತದೆ. ಹಳೆ ಹೋಸು ಬಂಪರಿನ ಯಾವುದೋ ಮೂಲೆಗೆ ಉಜ್ಜಿ ತೂತಾದರೆ ನಿಮ್ಮ 5.7 ಲೀಟರ್ ಆಯಿಲ್ ರೋಡಿನಲ್ಲಿರುತ್ತದೆ, ಕೆಂಪು ಲೈಟ್ ನೋಡಿ ಆಫ್ ಮಾಡುವಷ್ಟರಲ್ಲಿ ಬೇರಿಂಗ್ ಮುಗಿದಿರುತ್ತದೆ. ಮುಂದೆ ಹಾಕಿಸುವುದೇ ಆದರೆ ಹೊಸದು, ಒಳಗೆ ಥರ್ಮೋಸ್ಟಾಟ್ ಇರುವ ಸ್ಯಾಂಡ್‌ವಿಚ್ ಪ್ಲೇಟ್ (ಫಿಲ್ಟರಿನ ಬುಡದಲ್ಲಿ ಕೂತು ಆಯಿಲನ್ನು ಹೋಸಿಗೆ ಕೊಡುವ ತುಂಡು). ಆಯಿಲ್ 80 ಚಿಲ್ಲರೆ ಆದ ಮೇಲೆ ಕೂಲರ್ ಕಡೆ ಬಿಡುವಂಥದ್ದು. ಅದಿಲ್ಲದಿದ್ದರೆ ನಿಮ್ಮ ನಾಲ್ಕು ಕಿಲೋಮೀಟರಿನಲ್ಲಿ ಆಯಿಲ್ ಈಗಿನದ್ದಕ್ಕಿಂತಲೂ ತಣ್ಣಗಿರುತ್ತದೆ. ಕೂಲರನ್ನು ರೇಡಿಯೇಟರಿನ ಎದುರೇ ನಿಲ್ಲಿಸಿ ಗಾಳಿಗೆ ಅಡ್ಡ ಹಾಕುವವರೂ ಇದ್ದಾರೆ, ಆಯಿಲ್ ಇಳಿಯಿತು ಅಂತ ಖುಷಿಪಡುವಾಗ ಕೂಲಂಟ್ ಏರಿರುತ್ತದೆ.

ಡ್ರೈವಿಂಗಲ್ಲೂ ಸ್ವಲ್ಪ ಉಂಟು. ಡಿಯಲ್ಲಿ ಬಿಟ್ಟರೆ ಡಿಎಸ್‌ಜಿ ಬೇಗ ಮೇಲಿನ ಗೇರಿಗೆ ಹೋಗಿ 1,700 ಆರ್‌ಪಿಎಂನಲ್ಲಿ ಬರೀ ಟರ್ಬೊ ಬೂಸ್ಟಿನ ಮೇಲೆ ಎಳೆಯುತ್ತದೆ. ವಾಟರ್ ಪಂಪ್ ತಿರುಗುವುದು ಎಂಜಿನ್ ತಿರುಗಿದಷ್ಟೇ, ಹಾಗಾಗಿ ಲೋಡು ಜಾಸ್ತಿ, ಕೂಲಂಟ್ ಓಡುವುದು ಕಡಿಮೆ. ಮ್ಯಾನುವಲಿಗೆ ಹಾಕಿ ಒಂದು ಗೇರು ಕೆಳಗೆ, 2,500ರಿಂದ 3,000ದಲ್ಲಿ ಹತ್ತಿಸಿ. ಸದ್ದು ಜಾಸ್ತಿ, ಬಿಸಿ ಕಡಿಮೆ. ಲಾರಿಯ ಬಾಲಕ್ಕೆ ಅಂಟಿಕೊಂಡು ಹೋಗಬೇಡಿ, ಅದರ ಹಿಂದೆ ಬರೀ ಬಿಸಿಗಾಳಿ. ಕೂಲಂಟ್ ನಿಜವಾಗಿ ಏರಿದರೆ ಎಸಿ ಆಫ್, ಹೀಟರ್ ಫುಲ್, ಗಾಜು ಕೆಳಗೆ. ಭಾವ ಬೆವರುತ್ತಾನೆ, ಎಂಜಿನ್ ಉಳಿಯುತ್ತದೆ.

ಮುಳ್ಳೇರಿಯ ಟರ್ಬೊ:

ಬಂಪರ್ ಇಳಿಸಿ ನೋಡಿಸಿದೆ. ಗ್ಯಾರೇಜ್ ಅಣ್ಣ ಹೇಳಿದ್ದು ಕಣ್ಣಾರೆ ಕಂಡೆ, ಎರಡು ಹಿಡಿ ಕೆಂಪು ಮಣ್ಣಿನ ಹಾಳೆ. ಎಡಬದಿಯ ಸ್ಪಾಂಜು ಇಲ್ಲವೇ ಇಲ್ಲ, ಮುಂದಿನ ಬಂಪರಿಗೆ ಪೇಂಟ್ ಆದ ಗುರುತು ಉಂಟು. ತೊಳೆಸಿ, ಸ್ಪಾಂಜು ಹಾಕಿಸಿ, 5ಡಬ್ಲ್ಯು-40 ಬದಲಿಸಿ ಮತ್ತೆ ಮಡಿಕೇರಿಗೆ ಹೋದೆವು. ಈ ಸಲ ಆಯಿಲ್ 113 ದಾಟಲಿಲ್ಲ. ಡಾಂಗಲಿನಲ್ಲಿ ಕೂಲಂಟ್ 101ರ ತನಕ ಹೋಗಿ ಇಳಿಯಿತು, ಮುಳ್ಳು ಮಾತ್ರ ಅದೇ 90! ಅಂಗಡಿಗೆ ಹೋಗುವಾಗ ಆಯಿಲ್ 58. ಅದನ್ನು ನೋಡಿ ನಿಜವಾಗಿ ಹೆದರಿಕೆ ಆಯಿತು. ಕಿಟ್ ಬೇಡ ಅಂದೆ, ಅವನಿಗೆ ಸ್ವಲ್ಪ ಬೇಸರ.

ಪೆರ್ಲದ ಪಿಸ್ಟನ್:

113 ಒಳ್ಳೆಯದೇ, ಆದರೆ ಪೂರ್ತಿ ತೊಳೆದದ್ದರಿಂದಲೇ ಅಂತ ಬರೆದಿಡಬೇಡಿ. ಈ ಸಲ ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಜನ ಇದ್ದಿರಿ?

ಮುಳ್ಳೇರಿಯ ಟರ್ಬೊ:

ಸಂಜೆ. ಒಂದು ಮಳೆ ಬಂದು ಬಿಟ್ಟಿತ್ತು. ನಾನು, ಭಾವ ಇಬ್ಬರೇ.

ಪೆರ್ಲದ ಪಿಸ್ಟನ್:

ಹ್ಹಹ್ಹ, ಹಾಗಾದರೆ ಅರ್ಧ ಕ್ರೆಡಿಟ್ ಮಳೆಗೆ. ಮಧ್ಯಾಹ್ನದ ಬಿಸಿಲಿಗೆ, ಕಾರು ತುಂಬ ಜನ ಹಾಕಿಕೊಂಡು ಒಮ್ಮೆ ಹತ್ತಿಸಿ. ಆಗಲೂ 115ರ ಸುತ್ತ ಇದ್ದರೆ ಕೂಲರಿನ ಸುದ್ದಿ ಬಿಡಿ. ಡಾಂಗಲಿನಲ್ಲಿ ಇಂಟೇಕ್ ಏರ್ ಟೆಂಪರೇಚರ್ ಕೂಡ ನೋಡಿಡಿ, ಇಂಟರ್‌ಕೂಲರಿಗೆ ಗಾಳಿ ಹೋಗುತ್ತದಾ ಅಂತ ಅದರಲ್ಲಿ ಗೊತ್ತಾಗುತ್ತದೆ.

ಬದಿಯಡ್ಕ ಗ್ಯಾರೇಜ್:

ಕೂಲಂಟ್ ಮುಚ್ಚಳ ಬದಲಿಸಿದಿರಾ? ಅದನ್ನು ಯಾರೂ ಹೇಳುವುದಿಲ್ಲ ನೋಡಿ. ಅದರ ಮೇಲೆ ಬಾರ್ ಎಷ್ಟು ಅಂತ ಬರೆದಿರುತ್ತದೆ, ಅದೇ ನಂಬರಿನದ್ದು ತನ್ನಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬನ್ನಿ, ಫ್ಯಾನಿನ ಎರಡನೇ ಸ್ಪೀಡ್ ಬರುತ್ತದಾ ಅಂತಲೂ ಒಟ್ಟಿಗೇ ನೋಡಿಬಿಡುವ.